ಪೊರೆ ಆಪರೇಷನ್‌ಗೆ ಕೋಟಿಂಗ್ ಇರುವ ಲೆನ್ಸ್ ಬೇಕಾ, ಇಲ್ಲದ್ದು ಸಾಕಾ? ತಿಳಿದವರು ಹೇಳಿ

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊದಲು ಬಲಗಣ್ಣಿಗೆ ಆಪರೇಷನ್ ಮಾಡೋಣ ಎಂದಿದ್ದಾರೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಶುಗರ್ ಇದೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟಿರುವ ಮಾತ್ರೆಯೂ ನಡೆಯುತ್ತಿದೆ.

ಲೆನ್ಸ್ ಆರಿಸಿಕೊಳ್ಳಿ ಅಂತ ನಮ್ಮ ಕೈಗೆ ಒಂದು ಪಟ್ಟಿ ಕೊಟ್ಟರು. ಒಂದರ ಮುಂದೆ ‘ಹೆಪಾರಿನ್ ಕೋಟೆಡ್’ ಎಂದಿದೆ. ಇನ್ನೊಂದರ ಮುಂದೆ ‘ಹೈಡ್ರೋಫೋಬಿಕ್ ಕೋಟಿಂಗ್’ ಎಂದಿದೆ. ಮೂರನೆಯದರಲ್ಲಿ ಕೋಟಿಂಗ್ ಮಾತೇ ಇಲ್ಲ, ಬರೀ ‘ಹೈಡ್ರೋಫೋಬಿಕ್ ಅಕ್ರಿಲಿಕ್’ ಎಂದು ಬರೆದಿದ್ದಾರೆ. ಕೋಟಿಂಗ್ ಇದ್ದರೆ ಮತ್ತೆ ಪೊರೆ ಬರುವುದಿಲ್ಲ ಎಂದು ಅಲ್ಲಿ ಒಬ್ಬರು ಹೇಳಿದರು. ಇದು ನಿಜವಾ? ಡಾಕ್ಟರನ್ನು ಮತ್ತೆ ಭೇಟಿ ಮಾಡುವ ಮೊದಲು ಏನು ಕೇಳಬೇಕು ಅಂತಾದರೂ ಗೊತ್ತಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹಳೇಬೇರು
ನನ್ನ ಎರಡೂ ಕಣ್ಣಿಗೆ ಆಪರೇಷನ್ ಆಗಿ ಬಹಳ ವರ್ಷ ಆಯಿತು. ಕೋಟಿಂಗ್ ಇಲ್ಲದ ಮಡಚುವ ಲೆನ್ಸ್. ಒಂದು ಕಣ್ಣಿಗೆ ಆಮೇಲೆ ಮಬ್ಬು ಬಂತು, ಆ ಮಬ್ಬಿನಲ್ಲಿ ಬೆಳಕಿಗೆ ಕಿಂಡಿ ಮಾಡುವ ಯಾಗ್ ಲೇಸರ್ ಮಾಡಿಸಿದೆ. ಇನ್ನೊಂದಕ್ಕೆ ಇವತ್ತಿನವರೆಗೂ ಏನೂ ಆಗಿಲ್ಲ. ಎರಡೂ ಒಂದೇ ಬಗೆಯ ಲೆನ್ಸ್. ಹಾಗಾಗಿ ಕೋಟಿಂಗ್ ಒಂದರಿಂದಲೇ ಎಲ್ಲ ತೀರ್ಮಾನ ಆಗುತ್ತದೆ ಅಂತ ನನಗನ್ನಿಸುವುದಿಲ್ಲ. ಅಪ್ಪನ ರೆಟಿನಾ, ಅಂದರೆ ಕಣ್ಣಿನ ಹಿಂಪರದೆಯ ಪರೀಕ್ಷೆ ಆಗಿದೆಯಾ? ಶುಗರ್ ಇರುವವರಿಗೆ ಅದು ಮೊದಲು.

ನೇತ್ರವೈದ್ಯೆ
ಸಂಜೆಮಲ್ಲಿಗೆ ಅವರೇ, ನಾನು ಕಣ್ಣಿನ ಡಾಕ್ಟರ್. ನಿಮ್ಮ ಅಪ್ಪನ ಕಣ್ಣು ನೋಡದೆ ಇದೇ ಲೆನ್ಸ್ ಹಾಕಿಸಿ ಅಂತ ಹೇಳಲಾರೆ. ಆದರೆ ಪಟ್ಟಿಯಲ್ಲಿರುವ ಮಾತುಗಳನ್ನು ಬಿಡಿಸಿ ಹೇಳಬಲ್ಲೆ. ಕೋಟಿಂಗ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಿಷಯ ಕಲಸಿಹೋಗಿವೆ. ಗೊಂದಲವೆಲ್ಲ ಅಲ್ಲಿಂದಲೇ ಶುರು.

ಪೊರೆ ಅಂದರೆ ಕಣ್ಣಿನೊಳಗಿನ ಸಹಜ ಲೆನ್ಸ್ ಮಬ್ಬಾಗುವುದು. ಆಪರೇಷನ್ನಿನಲ್ಲಿ ಆ ಮಬ್ಬಾದ ಭಾಗವನ್ನು ತೆಗೆಯುತ್ತೇವೆ. ಅದನ್ನು ಸುತ್ತಿಕೊಂಡಿರುವ ತೆಳ್ಳನೆಯ ಚೀಲವನ್ನು ಉಳಿಸಿಕೊಳ್ಳುತ್ತೇವೆ. ಹೊಸ ಲೆನ್ಸ್ ಕೂರುವುದು ಆ ಚೀಲದೊಳಗೆ. ಅಲ್ಲಿ ಅದಕ್ಕೆ ಎರಡು ಕಡೆಯಿಂದ ತೊಂದರೆ ಬರಬಹುದು.

ಮುಂದಿನ ಕಡೆಯದು ಉರಿಯೂತ. ಯಾವ ಆಪರೇಷನ್ ಆದರೂ ಕಣ್ಣು ಸ್ವಲ್ಪ ಕೆರಳುತ್ತದೆ. ಆಗ ರಕ್ತದಿಂದ ಬಂದ ಬಿಳಿ ಕಣಗಳು ಮತ್ತು ಪ್ರೋಟೀನ್ ಲೆನ್ಸಿನ ಮೇಲೆ ಕೂರುತ್ತವೆ. ಹೆಚ್ಚಿನವರಲ್ಲಿ ಇದು ತೀರ ಕಡಿಮೆ. ಡ್ರಾಪ್ಸ್ ಹಾಕಿದರೆ ಇಳಿಯುತ್ತದೆ.

ಹಿಂದಿನ ಕಡೆಯದು ಬೇರೆಯೇ ಕಥೆ. ಚೀಲದ ಅಂಚಿನಲ್ಲಿ ಹಳೆಯ ಲೆನ್ಸಿನ ಒಂದಿಷ್ಟು ಜೀವಕೋಶಗಳು ಉಳಿದೇ ಉಳಿಯುತ್ತವೆ. ಎಷ್ಟು ಚೊಕ್ಕ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಅವು ತಿಂಗಳು, ವರ್ಷ ಕಳೆದಂತೆ ಬೆಳೆಯುತ್ತಾ ಲೆನ್ಸಿನ ಹಿಂದೆ ತೆವಳಿ ಬರುತ್ತವೆ. ಚೀಲದ ಹಿಂಗೋಡೆ ಮಬ್ಬಾಗುತ್ತದೆ. ‘ಮತ್ತೆ ಪೊರೆ ಬಂತು’ ಅಂತ ಜನ ಹೇಳುವುದು ಇದನ್ನೇ.

ಹೆಪಾರಿನ್ ಕೋಟಿಂಗ್ ಹುಟ್ಟಿದ್ದು ಮೊದಲನೆಯ ತೊಂದರೆಗಾಗಿ. ಎರಡನೆಯದಕ್ಕೆ ಅಲ್ಲ. ನಿಮಗೆ ಅಲ್ಲಿ ಹೇಳಿದ ಮಾತು ಸರಿಯಿಲ್ಲ.

ಸಂಜೆಮಲ್ಲಿಗೆ
ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಹೆಪಾರಿನ್ ಹಚ್ಚುವುದರಿಂದ ನಿಜವಾಗಿ ಆಗುವುದೇನು? ಅಪ್ಪ ಆಗಲೇ ರಕ್ತದ ಮಾತ್ರೆ ತಗೊಳ್ತಾರೆ. ಕಣ್ಣಿನಲ್ಲೂ ಹೆಪಾರಿನ್ ಇದ್ದರೆ ರಕ್ತಸ್ರಾವ ಆಗುತ್ತಾ ಅಂತ ಅಮ್ಮನಿಗೆ ಭಯ.

ನೇತ್ರವೈದ್ಯೆ
ಅಮ್ಮನಿಗೆ ಧೈರ್ಯ ಹೇಳಿ. ಹೆಪಾರಿನ್ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ, ನಿಜ. ಆದರೆ ಇಲ್ಲಿ ಅದನ್ನು ಲೆನ್ಸಿನ ಮೇಲ್ಮೈಗೆ ರಾಸಾಯನಿಕವಾಗಿ ಕಟ್ಟಿಹಾಕಿರುತ್ತಾರೆ. ಗೋಡೆಗೆ ಬಣ್ಣ ಬಳಿದ ಹಾಗೆ ಸುಮ್ನೆ ಮೇಲೆ ಹಚ್ಚಿದ್ದಲ್ಲ. ಪ್ರಮಾಣವೂ ಅತ್ಯಲ್ಪ. ಅದು ರಕ್ತಕ್ಕೆ ಸೇರಿ ಔಷಧಿಯ ಹಾಗೆ ಕೆಲಸ ಮಾಡುವುದಿಲ್ಲ.

ಅದರ ಕೆಲಸ ಇಷ್ಟೇ. ಲೆನ್ಸಿನ ಮೇಲ್ಮೈಯನ್ನು ನೀರಿಗೆ ಒಗ್ಗುವಂತೆ ಮಾಡುತ್ತದೆ. ಆಗ ಕಣಗಳು ಅಂಟುವುದು ಕಡಿಮೆಯಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳೂ ಕಡಿಮೆ ಅಂಟಿವೆ. ಹಾಗಂತ ಸೋಂಕು ಬರುವುದಿಲ್ಲ ಎಂಬ ಗ್ಯಾರಂಟಿ ಇದಲ್ಲ. ಸೋಂಕು ತಡೆಯುವುದು ಶುಚಿತ್ವ, ಆಪರೇಷನ್‌ಗೆ ಮೊದಲು ಹಾಕುವ ಅಯೋಡಿನ್ ದ್ರಾವಣ, ಕಣ್ಣಿನೊಳಗೆ ಕೊಡುವ ಆ್ಯಂಟಿಬಯೋಟಿಕ್ ಇಂಥವು.

ರಕ್ತದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಈಗಿನ ಆಪರೇಷನ್ನಿನಲ್ಲಿ ಗಾಯ ಮಾಡುವುದು ಸಾಮಾನ್ಯವಾಗಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಅಂಚಿನಲ್ಲಿ. ಅಲ್ಲಿ ರಕ್ತನಾಳ ಇಲ್ಲ. ಬರೀ ಡ್ರಾಪ್ಸ್ ಹಾಕಿ ಮರಗಟ್ಟಿಸಿ ಮಾಡಿದರೆ ಮಾತ್ರೆ ನಿಲ್ಲಿಸುವ ಅಗತ್ಯ ಬಹುಪಾಲು ಬರುವುದಿಲ್ಲ. ಸೂಜಿ ಚುಚ್ಚಿ ಮರಗಟ್ಟಿಸುವುದಾದರೆ ಡಾಕ್ಟರ್ ಬೇರೆ ಲೆಕ್ಕ ಹಾಕಬಹುದು. ಯಾವ ಮಾತ್ರೆ, ಎಷ್ಟು ಡೋಸ್ ಎಂಬುದನ್ನು ಬರೆದುಕೊಂಡು ಹೋಗಿ ತೋರಿಸಿ.

ಓದುಗುಳಿ
ನಾನು ಡಾಕ್ಟರ್ ಅಲ್ಲ. ಮನೆಯವರಿಗಾಗಿ ಈ ವಿಷಯದ ಲೇಖನಗಳನ್ನು ಬಹಳ ಓದಿದ್ದೇನೆ. ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ಕೋಟಿಂಗ್ ಯಾಕೆ ಬಂತು ಅಂತ ತಿಳಿದರೆ ಈಗ ಅದು ಎಷ್ಟು ಬೇಕು ಅನ್ನುವುದೂ ತಿಳಿಯುತ್ತದೆ.

ಕೃತಕ ಲೆನ್ಸನ್ನು ಮೊದಲು ಕಣ್ಣಿನೊಳಗೆ ಇಟ್ಟವರು ಹೆರಾಲ್ಡ್ ರಿಡ್ಲಿ, 1949ರಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಕಾಕ್‌ಪಿಟ್ ಮುಚ್ಚಳದ ಚೂರುಗಳು ಹೊಕ್ಕಿದ್ದನ್ನು ಅವರು ನೋಡಿದ್ದರು. ಆ ಚೂರುಗಳು ಕಣ್ಣನ್ನು ಅಷ್ಟಾಗಿ ಕೆರಳಿಸಿರಲಿಲ್ಲ. ಅದು ಪಿಎಂಎಂಎ ಎಂಬ ಪ್ಲಾಸ್ಟಿಕ್. ಅದರಿಂದಲೇ ಲೆನ್ಸ್ ಮಾಡಿಸಿದರು. ಮುಂದೆ ಹಲವು ದಶಕ ಆ ಗಟ್ಟಿ ಪ್ಲಾಸ್ಟಿಕ್ಕೇ ನಡೆಯಿತು.

ಅದು ಮಡಚುವುದಿಲ್ಲ. ಲೆನ್ಸಿನ ನಡುಭಾಗವೇ ಸುಮಾರು 6 ಮಿಲಿಮೀಟರ್. ಅದು ತೂರುವಷ್ಟು ದೊಡ್ಡ ಗಾಯ ಮಾಡಬೇಕು. ಗಾಯ ದೊಡ್ಡದಾದರೆ ಕೆರಳುವುದೂ ಜಾಸ್ತಿ. ಆ ಕಾಲದಲ್ಲಿ ಲೆನ್ಸಿನ ಮೇಲೆ ಕಣಗಳು ಕೂರುವುದು ನಿಜಕ್ಕೂ ದೊಡ್ಡ ಸಮಸ್ಯೆ. 1980ರ ದಶಕದಲ್ಲಿ ಹೆಪಾರಿನ್ ಕಟ್ಟಿದ ಪಿಎಂಎಂಎ ಲೆನ್ಸ್ ಬಂದಿದ್ದು ಇದಕ್ಕೇ. ಸಾದಾ ಪಿಎಂಎಂಎ ಜೊತೆ ಹೋಲಿಸಿದಾಗ ಮೊದಲ ತಿಂಗಳುಗಳಲ್ಲಿ ಕಣಗಳು ಕಡಿಮೆ ಕಂಡವು. ಆದರೆ ಮಾಮೂಲಿ ಪೊರೆಯ ಕಣ್ಣುಗಳಲ್ಲಿ ಕೊನೆಗೆ ಸಿಕ್ಕ ನೋಟದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಈಗ 2 ರಿಂದ 3 ಮಿಲಿಮೀಟರ್ ಗಾಯದಲ್ಲೇ ಮಡಚಿದ ಲೆನ್ಸ್ ಒಳಗೆ ಹೋಗುತ್ತದೆ. ಹಳೆಯ ಹೋಲಿಕೆಗಳನ್ನು ಇವತ್ತಿನ ಲೆನ್ಸ್‌ಗೆ ಹಾಗೇ ತಂದು ಕೂರಿಸುವುದು ಸರಿಯಲ್ಲ. ‘ಕೋಟಿಂಗ್ ಇದ್ದದ್ದು ಇಲ್ಲದ್ದಕ್ಕಿಂತ ಒಳ್ಳೆಯದು’ ಎಂಬ ಮಾತು ಎಲ್ಲಿ ಕಂಡರೂ, ಯಾವ ವಸ್ತುವಿನ ಮೇಲೆ, ಯಾವುದರ ಜೊತೆ ಹೋಲಿಸಿ ಎಂದು ನೋಡಲೇಬೇಕು.

ತಂಗಾಳಿ
ಉರಿಯೂತದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಯೂವಿಯೈಟಿಸ್ ಇದೆ, ಅಂದರೆ ಕಣ್ಣಿನೊಳಗೆ ಉರಿಯೂತ ಬರುವ ಕಾಯಿಲೆ. ಮತ್ತೆ ಮತ್ತೆ ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದು. ಸ್ಟಿರಾಯ್ಡ್ ಡ್ರಾಪ್ಸ್ ಹಾಕಿ ಹಾಕಿ ವಯಸ್ಸಿಗೆ ಮೊದಲೇ ಪೊರೆ ಬಂತು. ನಮ್ಮಂಥವರಿಗೆ ಈ ಪ್ರಶ್ನೆ ಸಣ್ಣದಲ್ಲ.

ನನ್ನ ಡಾಕ್ಟರ್ ಲೆನ್ಸಿನ ಬಗ್ಗೆ ಮಾತಾಡಿದ್ದು ಆಮೇಲೆ. ಮೊದಲು ಹೇಳಿದ್ದು, ಕಣ್ಣು ಕನಿಷ್ಠ ಮೂರು ತಿಂಗಳು ಪೂರ್ತಿ ಶಾಂತವಾಗಿರಬೇಕು, ಅಲ್ಲಿಯವರೆಗೆ ಆಪರೇಷನ್ ಇಲ್ಲ. ಆಪರೇಷನ್ ಹೊತ್ತಿಗೆ ಸ್ಟಿರಾಯ್ಡ್ ಮಾತ್ರೆಯನ್ನೂ ಕೊಟ್ಟರು. ಲೆನ್ಸ್ ಹಾಕಿದ್ದು ಕೋಟಿಂಗ್ ಇಲ್ಲದ ಹೈಡ್ರೋಫೋಬಿಕ್ ಅಕ್ರಿಲಿಕ್, ಅಂದರೆ ನೀರನ್ನು ಅಷ್ಟಾಗಿ ಹೀರದ ಮಡಚುವ ಪ್ಲಾಸ್ಟಿಕ್. ರೋಗ ಕೆರಳಿದಾಗ ಅದರ ಮೇಲೆ ಚುಕ್ಕೆಗಳು ಕೂರುತ್ತವೆ. ಡ್ರಾಪ್ಸ್ ಹಾಕಿದರೆ ಕಡಿಮೆಯಾಗುತ್ತವೆ. ನನ್ನ ಹಾಗೇ ಕಾಯಿಲೆ ಇರುವ ಗೆಳತಿಗೆ ಹೆಪಾರಿನ್ ಇರುವ ಲೆನ್ಸ್ ಹಾಕಿದ್ದಾರೆ. ಅವಳೂ ಚೆನ್ನಾಗಿದ್ದಾಳೆ. ಇಬ್ಬರಲ್ಲೂ ಕಣ್ಣು ಉಳಿಸಿದ್ದು ಕಾಯಿಲೆಯನ್ನು ಹಿಡಿತದಲ್ಲಿ ಇಟ್ಟದ್ದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಓದುಗುಳಿ
ತಂಗಾಳಿ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯೂವಿಯೈಟಿಸ್ ಇರುವ ಕಣ್ಣಿಗೆ ಯಾವ ಲೆನ್ಸ್ ಒಳ್ಳೆಯದು ಎಂದು 2014ರಲ್ಲಿ ಕಾಕ್ರೇನ್ ಎಂಬ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ ಒಂದು ಪರಿಶೀಲನೆ ಪ್ರಕಟಿಸಿತು. ಸಿಕ್ಕಿದ್ದು ಕೆಲವೇ ಸಣ್ಣ ಪ್ರಯೋಗಗಳು. ಇದೇ ಅತ್ಯುತ್ತಮ ಅಂತ ಖಚಿತವಾಗಿ ಹೇಳುವಷ್ಟು ಪುರಾವೆ ಇರಲಿಲ್ಲ. ಕೋಟಿಂಗ್‌ನಿಂದ ಹೆಚ್ಚು ಲಾಭ ನಿರೀಕ್ಷಿಸುವ ಕಣ್ಣುಗಳಲ್ಲೇ ಪರಿಸ್ಥಿತಿ ಹೀಗಿದೆ. ಮಾಮೂಲಿ ಪೊರೆಗೆ ‘ಕೋಟಿಂಗ್ ಇರಲೇಬೇಕು’ ಎಂದು ಯಾರಾದರೂ ಒತ್ತಾಯಿಸಿದರೆ ನಾನಂತೂ ಒಪ್ಪುವುದಿಲ್ಲ.

ಗುಬ್ಬಚ್ಚಿ
ನನ್ನದೊಂದು ಪ್ರಶ್ನೆ. ಹೆಪಾರಿನ್ ಅಂಟದಂತೆ ಮಾಡುತ್ತದೆ ಎಂದರೆ ಹಿಂದಿನಿಂದ ಬರುವ ಜೀವಕೋಶಗಳೂ ಅಂಟಬಾರದಲ್ವಾ? ಹಾಗಾದರೆ ಮತ್ತೆ ಪೊರೆ ಬರುವುದೂ ಕಡಿಮೆಯಾಗಬೇಕಲ್ವಾ?

ನೇತ್ರವೈದ್ಯೆ
ಗುಬ್ಬಚ್ಚಿ ಅವರೇ, ಒಳ್ಳೆಯ ಪ್ರಶ್ನೆ. ಇಡೀ ಚರ್ಚೆಯ ಗಂಟು ಇಲ್ಲೇ ಇದೆ.

ಆ ಜೀವಕೋಶಗಳು ಬೆಳೆಯುವುದು ಮುಖ್ಯವಾಗಿ ಚೀಲದ ಗೋಡೆಯ ಮೇಲೆ. ಅವಕ್ಕೆ ಲೆನ್ಸಿನ ಮೇಲೆ ಅಂಟುವ ಅಗತ್ಯವೇ ಇಲ್ಲ. ಲೆನ್ಸಿಗೂ ಹಿಂಗೋಡೆಗೂ ನಡುವೆ ಸಂದಿ ಇದ್ದರೆ ಸಾಕು, ನುಸುಳಿ ಬರುತ್ತವೆ. ಆ ದಾರಿ ಮುಚ್ಚಬೇಕಾದರೆ ಲೆನ್ಸ್ ಹಿಂಗೋಡೆಗೆ ಬಿಗಿಯಾಗಿ ಒತ್ತಿಕೊಳ್ಳಬೇಕು, ಅಂಟಿಕೊಂಡರೆ ಇನ್ನೂ ಒಳ್ಳೆಯದು. ಅಂದರೆ ಮುಂದಿನ ಮುಖಕ್ಕೆ ಏನೂ ಅಂಟಬಾರದು, ಹಿಂದಿನ ಮುಖ ಚೀಲಕ್ಕೆ ಅಂಟಬೇಕು. ಒಂದೇ ಲೆನ್ಸಿನಿಂದ ನಾವು ಎರಡು ವಿರುದ್ಧ ಗುಣ ಕೇಳುತ್ತಿದ್ದೇವೆ. ಯಾವುದಕ್ಕೂ ಅಂಟದ ಕೋಟಿಂಗ್ ಮೊದಲನೆಯದನ್ನು ಕೊಡುತ್ತದೆ. ಎರಡನೆಯದನ್ನು ಕೊಡುವುದಿಲ್ಲ.

ಹೈಡ್ರೋಫೋಬಿಕ್ ಅಕ್ರಿಲಿಕ್ ಇಲ್ಲಿ ಗೆಲ್ಲುತ್ತದೆ. ಅದರ ಮೇಲ್ಮೈ ಸ್ವಲ್ಪ ಜಿಗುಟು. ಕಣ್ಣಿನಲ್ಲೇ ಇರುವ ಫೈಬ್ರೋನೆಕ್ಟಿನ್‌ನಂಥ ಪ್ರೋಟೀನುಗಳು ಅದನ್ನೂ ಚೀಲವನ್ನೂ ಬೆಸೆಯುತ್ತವೆ.

ಇನ್ನೊಂದು, ಬಹುಶಃ ಅದಕ್ಕಿಂತ ದೊಡ್ಡದು, ಲೆನ್ಸಿನ ಅಂಚು. ಹಿಂಭಾಗದ ಅಂಚನ್ನು ದುಂಡಗೆ ಬಿಡದೆ ಚೂಪಾಗಿ, ಚೌಕವಾಗಿ ಕಡಿದಿದ್ದರೆ ಅದು ಚೀಲದ ಗೋಡೆಯನ್ನು ಮಡಿಸಿ ಹಿಡಿಯುತ್ತದೆ. ಜೀವಕೋಶಗಳು ಆ ಮಡಿಕೆ ದಾಟುವುದು ಕಷ್ಟ. ದುಂಡು ಅಂಚಿಗಿಂತ ಚೌಕ ಅಂಚಿನ ಲೆನ್ಸಿನಲ್ಲಿ ಮಬ್ಬು ಕಡಿಮೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅಂಚು ಸುತ್ತಲೂ ಒಂದೇ ಸಮ ಇರಬೇಕು. ಲೆನ್ಸನ್ನು ಚೀಲದಲ್ಲಿ ಹಿಡಿದಿಡುವ ಕಾಲುಗಳು ಅದಕ್ಕೆ ಸೇರುವ ಜಾಗದಲ್ಲಿ ಚೂಪು ತಪ್ಪಿದರೆ ಜೀವಕೋಶಗಳು ಅಲ್ಲಿಂದಲೇ ಒಳಗೆ ಬರುತ್ತವೆ.

ಪಟ್ಟಿಯಲ್ಲಿ ಕೋಟಿಂಗ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅಂಚಿನ ಮಾತು ಎಲ್ಲೂ ಇರುವುದಿಲ್ಲ. ನನಗೆ ಇದು ಬೇಸರದ ವಿಷಯ. ದಯವಿಟ್ಟು ಅಂಚಿನ ಬಗ್ಗೆ ಕೇಳಿ.

ಸಂಜೆಮಲ್ಲಿಗೆ
ಈಗ ಅರ್ಥವಾಗುತ್ತಿದೆ. ಹಾಗಾದರೆ ಎರಡನೆಯದು, ‘ಹೈಡ್ರೋಫೋಬಿಕ್ ಕೋಟಿಂಗ್’ ಇರುವುದು, ಮೂರನೆಯದರಷ್ಟೇ ಒಳ್ಳೆಯದಾ? ಹೆಸರು ಹೆಚ್ಚುಕಡಿಮೆ ಒಂದೇ ಇದೆಯಲ್ಲ.

ನೇತ್ರವೈದ್ಯೆ
ಎರಡೂ ಒಂದೇ ಅಲ್ಲ. ಮೂರನೆಯದು ಇಡಿಯಾಗಿ ಹೈಡ್ರೋಫೋಬಿಕ್ ವಸ್ತು, ನೀರನ್ನು ಬಹಳ ಕಡಿಮೆ ಹೀರುತ್ತದೆ. ಎರಡನೆಯದರ ಒಳಗೆ ಸಾಮಾನ್ಯವಾಗಿ ಹೈಡ್ರೋಫಿಲಿಕ್ ಅಕ್ರಿಲಿಕ್ ಇರುತ್ತದೆ. ಅದರಲ್ಲಿ ಸುಮಾರು ಕಾಲು ಭಾಗ ನೀರೇ. ಮೇಲ್ಮೈಗೆ ಮಾತ್ರ ಹೈಡ್ರೋಫೋಬಿಕ್ ಗುಣ ಕೊಟ್ಟಿರುತ್ತಾರೆ. ಮೃದುವಾಗಿರುವುದರಿಂದ ಸಣ್ಣ ಗಾಯದಲ್ಲಿ ಸುಲಭವಾಗಿ ಹೋಗುತ್ತದೆ, ಅದು ಅದರ ಒಳ್ಳೆಯ ಗುಣ. ಆದರೆ ಮೇಲ್ಮೈ ಬದಲಾಯಿಸಿದ ಮಾತ್ರಕ್ಕೆ ಒಳಗಿನ ವಸ್ತು ಬದಲಾಗುವುದಿಲ್ಲ.

ಬೆಳ್ಳಿಚುಕ್ಕಿ
ಇದರ ಬಗ್ಗೆ ನಾನು ಹೇಳಲೇಬೇಕು. ನನ್ನ ಅಮ್ಮನಿಗೆ ಹಾಕಿದ್ದು ಇಂಥದ್ದೇ ಲೆನ್ಸ್. ಕೆಲವು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ನಿಧಾನವಾಗಿ ಮಂಜು ಕವಿದಂತೆ ಕಾಣತೊಡಗಿತು. ಮತ್ತೆ ಪೊರೆ ಬಂದಿದೆ ಎಂದು ಒಂದು ಕಡೆ ಯಾಗ್ ಲೇಸರ್ ಮಾಡಿದರು. ಏನೂ ಸುಧಾರಿಸಲಿಲ್ಲ. ಇನ್ನೊಬ್ಬ ಡಾಕ್ಟರ್ ಪಾಪೆ ಅಗಲ ಮಾಡಿ ನೋಡಿ, ಮಬ್ಬಾಗಿರುವುದು ಚೀಲವಲ್ಲ, ಲೆನ್ಸೇ ಎಂದರು. ಲೆನ್ಸಿನೊಳಗೆ ಕ್ಯಾಲ್ಸಿಯಂ ಕೂತಿತ್ತು. ಕೊನೆಗೆ ಲೆನ್ಸನ್ನೇ ಬದಲಾಯಿಸಬೇಕಾಯಿತು. ಲೇಸರ್‌ನಿಂದ ಚೀಲ ಆಗಲೇ ತೂತಾಗಿದ್ದರಿಂದ ಆ ಆಪರೇಷನ್ ಕಷ್ಟವಾಯಿತು. ಅಮ್ಮ ತುಂಬಾ ನೊಂದರು. ಇದು ಅಪರೂಪ ಅಂತ ನನಗೂ ಗೊತ್ತು. ಆದರೂ ಲೇಸರ್‌ಗೆ ಮೊದಲು ‘ಮಬ್ಬಾಗಿರುವುದು ಚೀಲವಾ, ಲೆನ್ಸಾ?’ ಎಂದು ಒಂದು ಮಾತು ಕೇಳಿ.

ನೇತ್ರವೈದ್ಯೆ
ಬೆಳ್ಳಿಚುಕ್ಕಿ ಅವರೇ, ಓದಿ ಸಂಕಟವಾಯಿತು. ಇದನ್ನು ಇಲ್ಲಿ ಬರೆದದ್ದಕ್ಕೆ ಕೃತಜ್ಞತೆ. ನೀವು ಹೇಳಿದ್ದು ಹೈಡ್ರೋಫಿಲಿಕ್ ಲೆನ್ಸುಗಳಲ್ಲಿ ದಾಖಲಾಗಿರುವ ತೊಂದರೆಯೇ. ಮೇಲ್ಮೈ ಮಾತ್ರ ಹೈಡ್ರೋಫೋಬಿಕ್ ಮಾಡಿದ ಲೆನ್ಸುಗಳಲ್ಲೂ ಕಂಡಿದೆ. ಕಣ್ಣಿನೊಳಗೆ ಗಾಳಿ ಅಥವಾ ಗ್ಯಾಸ್ ತುಂಬುವ ಆಪರೇಷನ್ ಆದವರಲ್ಲಿ ಅಪಾಯ ಹೆಚ್ಚು. ರೆಟಿನಾ ಆಪರೇಷನ್, ಕೆಲವು ಬಗೆಯ ಕಾರ್ನಿಯಾ ಕಸಿ ಇಂಥವು.

ಸಂಜೆಮಲ್ಲಿಗೆ ಅವರೇ, ನಿಮ್ಮ ಅಪ್ಪನಿಗೆ ಇದು ಯಾಕೆ ಮುಖ್ಯ ಎಂದರೆ, ಶುಗರ್ ಇರುವವರಿಗೆ ಮುಂದೆ ರೆಟಿನಾ ಆಪರೇಷನ್ ಬೇಕಾಗುವ ಸಾಧ್ಯತೆ ಇತರರಿಗಿಂತ ಹೆಚ್ಚು. ಹಾಗೇ ಸಿಲಿಕೋನ್ ಲೆನ್ಸನ್ನೂ ಅವರಿಗೆ ತಪ್ಪಿಸುತ್ತೇವೆ. ರೆಟಿನಾಕ್ಕಾಗಿ ಕಣ್ಣಿನೊಳಗೆ ಸಿಲಿಕೋನ್ ಎಣ್ಣೆ ತುಂಬಬೇಕಾಗಿ ಬಂದರೆ ಅದು ಸಿಲಿಕೋನ್ ಲೆನ್ಸಿಗೆ ಅಂಟಿಕೊಂಡು ಬಿಡುವುದೇ ಇಲ್ಲ.

ಹೈಡ್ರೋಫೋಬಿಕ್ ಲೆನ್ಸಿಗೂ ದೋಷ ಇಲ್ಲವೆಂದಲ್ಲ. ಕೆಲವು ಮಾದರಿಗಳೊಳಗೆ ವರ್ಷ ಕಳೆದಂತೆ ನೀರಿನ ಸಣ್ಣ ಗುಳ್ಳೆಗಳು ಮಿನುಗುತ್ತವೆ. ನಮಗೆ ಯಂತ್ರದಲ್ಲಿ ಕಾಣುತ್ತವೆ, ಹೆಚ್ಚಿನ ರೋಗಿಗಳಿಗೆ ತೊಂದರೆ ಗೊತ್ತಾಗುವುದಿಲ್ಲ. ಚೌಕ ಅಂಚಿನಿಂದ ಕೆಲವರಿಗೆ ಮೊದಲ ದಿನಗಳಲ್ಲಿ ಕಿವಿಯ ಕಡೆ ಒಂದು ಕಪ್ಪು ನೆರಳು ಕಾಣಬಹುದು. ಬಹಳ ಜನರಲ್ಲಿ ಅದು ಕ್ರಮೇಣ ಮರೆಯಾಗುತ್ತದೆ.

ಹಳೇಬೇರು
ಆ ನೆರಳು ನನಗೂ ಇತ್ತು! ಯಾರೋ ಪಕ್ಕದಲ್ಲಿ ನಿಂತ ಹಾಗೆ. ಡಾಕ್ಟರ್ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಈಗ ಇಲ್ಲ.

ಗುಬ್ಬಚ್ಚಿ
ಹಳದಿ ಲೆನ್ಸ್ ಅಂತ ಕೇಳಿದ್ದೇನೆ. ಅದೂ ಕೋಟಿಂಗ್ ತಾನೇ?

ನೇತ್ರವೈದ್ಯೆ
ಅಲ್ಲ. ಆ ಬಣ್ಣ ವಸ್ತುವಿನೊಳಗೇ ಬೆರೆತಿರುತ್ತದೆ. ನೀಲಿ ಬೆಳಕನ್ನು ಸ್ವಲ್ಪ ತಡೆಯುತ್ತದೆ. ಯುವಿ ತಡೆಯುವ ಗುಣವೂ ಹಾಗೇ ವಸ್ತುವಿನಲ್ಲೇ ಇರುತ್ತದೆ. ಕನ್ನಡಕಕ್ಕೆ ಹಾಕುವ ಕೋಟಿಂಗ್ ಜೊತೆ ಇವನ್ನು ಸೇರಿಸಬೇಡಿ. ಲೆನ್ಸ್ ಸಲೀಸಾಗಿ ಜಾರಲಿ ಎಂದು ಅದನ್ನು ಒಳಗೆ ತೂರಿಸುವ ಸಲಕರಣೆಯ ನಳಿಕೆಗೂ ಒಳಗಡೆ ಕೋಟಿಂಗ್ ಇರುತ್ತದೆ. ಅದು ನಳಿಕೆಯದ್ದು, ಲೆನ್ಸಿನದ್ದಲ್ಲ.

ಮಣ್ಣಿನವಾಸನೆ
ತಡವಾಗಿ ಬಂದೆ. ಒಂದು ವಿಷಯ ಯಾರೂ ಎತ್ತಿಲ್ಲ. ಔಷಧಿಗೆ ಬಳಸುವ ಹೆಪಾರಿನ್ ಸಾಮಾನ್ಯವಾಗಿ ತಯಾರಾಗುವುದು ಹಂದಿಯ ಕರುಳಿನ ಒಳಪದರದಿಂದ. ಧರ್ಮ ಅಥವಾ ಆಹಾರದ ನಿಯಮದ ಕಾರಣಕ್ಕೆ ಕೆಲವರಿಗೆ ಇದು ಬೇಡ ಅನ್ನಿಸಬಹುದು. ಅಂಥವರು ಮೊದಲೇ ಡಾಕ್ಟರ್ ಹತ್ತಿರ ಹೇಳಿ, ಆ ಲೆನ್ಸಿನ ಹೆಪಾರಿನ್ ಮೂಲ ಕೇಳಬೇಕು. ಹೆಪಾರಿನ್‌ನಿಂದ ಹಿಂದೆ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ. ಬೇರೆ ಒಳ್ಳೆಯ ಆಯ್ಕೆಗಳು ಇರುವಾಗ ಮನಸ್ಸಿಗೆ ಒಗ್ಗದ್ದನ್ನು ಒಪ್ಪಬೇಕಿಲ್ಲ.

ಸಂಜೆಮಲ್ಲಿಗೆ
ಡಾಕ್ಟರನ್ನು ಭೇಟಿ ಮಾಡಿ ಬಂದೆವು. ನೀವೆಲ್ಲ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಯಾವ ವಸ್ತು, ಹಿಂದಿನ ಅಂಚು ಚೌಕವಾ, ಕೋಟಿಂಗ್ ಯಾವುದು, ಅಪ್ಪನ ಕಣ್ಣಿಗೆ ಅದು ಯಾಕೆ ಬೇಕು ಎಂದು ಕೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ, ಕೂತು ವಿವರಿಸಿದರು.

ರೆಟಿನಾಕ್ಕೆ ಓಸಿಟಿ ಎಂಬ ಬೆಳಕಿನ ಸ್ಕ್ಯಾನ್ ಮಾಡಿದರು. ಶುಗರ್‌ನಿಂದ ಸಣ್ಣ ಬದಲಾವಣೆ ಇದೆ, ನಡುಭಾಗದಲ್ಲಿ ಊತ ಇಲ್ಲವಂತೆ. ಹಿಂದೆ ಉರಿಯೂತದ ಕಾಯಿಲೆಯೂ ಇಲ್ಲ. ಹೆಪಾರಿನ್ ಕೋಟಿಂಗ್‌ನಿಂದ ಅಪ್ಪನಿಗೆ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ ಎಂದರು. ಮೂರನೆಯ ಲೆನ್ಸನ್ನೇ ಸೂಚಿಸಿದರು, ಅದಕ್ಕೆ ಚೌಕ ಅಂಚು ಇದೆ. ಆಪರೇಷನ್ ಆದಮೇಲೆ ಸ್ಟಿರಾಯ್ಡ್ ಜೊತೆ ಊತ ತಡೆಯುವ ಇನ್ನೊಂದು ಡ್ರಾಪ್ಸ್ ಕೂಡ ಕೊಡುತ್ತಾರಂತೆ, ಶುಗರ್ ಇರುವುದರಿಂದ. ರಕ್ತದ ಮಾತ್ರೆ ನಿಲ್ಲಿಸಬೇಡಿ ಎಂದಿದ್ದಾರೆ.

ಯಾಗ್ ಲೇಸರ್ ಮುಂದೆ ಬೇಕಾಗಬಹುದಾ ಎಂದು ಕೇಳಿದ್ದಕ್ಕೆ, ‘ಬೇಕಾಗಬಹುದು, ಯಾವ ಲೆನ್ಸಿಗೂ ಇಲ್ಲ ಅಂತ ಮಾತು ಕೊಡಲಾಗದು’ ಎಂದರು. ಆ ನೇರ ಉತ್ತರ ಅಪ್ಪನಿಗೆ ತುಂಬಾ ಹಿಡಿಸಿತು.

ತಂಗಾಳಿ
ಕೇಳಿ ಸಂತೋಷವಾಯಿತು. ಡ್ರಾಪ್ಸ್ ಮಾತ್ರ ಹೇಳಿದಷ್ಟು ದಿನ ಹಾಕಿಸಿ. ಕಣ್ಣು ಚೆನ್ನಾಗಿ ಕಾಣತೊಡಗಿದ ಕೂಡಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. ಉರಿಯೂತ ಮರಳುವುದು ಆಗಲೇ.

ನೇತ್ರವೈದ್ಯೆ
ಸರಿಯಾದ ದಾರಿಯಲ್ಲಿದ್ದೀರಿ. ಇನ್ನೆರಡು ವಿಷಯ. ಆಪರೇಷನ್ ಆದಮೇಲೆ ಲೆನ್ಸಿನ ಕಾರ್ಡ್ ಕೇಳಿ ಪಡೆಯಿರಿ. ಅದರಲ್ಲಿ ಮಾದರಿ, ಪವರ್, ಸೀರಿಯಲ್ ನಂಬರ್ ಇರುತ್ತದೆ. ಫೋನಿನಲ್ಲೂ ಫೋಟೋ ತೆಗೆದಿಡಿ. ಮುಂದೆ ರೆಟಿನಾ ಡಾಕ್ಟರ್ ನೋಡಬೇಕಾಗಿ ಬಂದರೆ ಒಳಗಿರುವುದು ಯಾವ ಲೆನ್ಸ್ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಮತ್ತೆ, ಮೊದಲ ದಿನಗಳಲ್ಲಿ ನೋವು ಹೆಚ್ಚುತ್ತಾ ಹೋದರೆ, ಕಣ್ಣು ಜಾಸ್ತಿ ಕೆಂಪಾದರೆ, ಕಾಣುತ್ತಿದ್ದದ್ದು ಮಂದವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಯಾವ ಹೊತ್ತಾದರೂ ಸರಿ, ಫೋನ್ ಮಾಡಿ ಕೂಡಲೇ ಕರೆದುಕೊಂಡು ಹೋಗಿ. ಮಿಂಚು ಹೊಡೆದ ಹಾಗೆ ಬೆಳಕು, ಒಮ್ಮೆಲೇ ತುಂಬಾ ಕಪ್ಪು ಚುಕ್ಕೆ, ಪಕ್ಕದಿಂದ ಪರದೆ ಸರಿದಂತೆ ಕಂಡರೂ ಅಷ್ಟೇ. ಇದು ಆಮೇಲೆ ಯಾಗ್ ಲೇಸರ್ ಆದವರಿಗೂ ಅನ್ವಯಿಸುತ್ತದೆ.

ಸಂಜೆಮಲ್ಲಿಗೆ
ಬರೆದುಕೊಂಡೆ ಮೇಡಂ. ಮುಂದಿನ ವಾರ ಬಲಗಣ್ಣಿನ ಆಪರೇಷನ್. ಎಡಗಣ್ಣಿಗೂ ಇದೇ ಲೆನ್ಸಾ ಎಂಬುದನ್ನು ಬಲಗಣ್ಣು ವಾಸಿಯಾದಮೇಲೆ ಮಾತಾಡೋಣ ಎಂದಿದ್ದಾರೆ. ಏನಾಯಿತೆಂದು ಇಲ್ಲೇ ಬರೆಯುತ್ತೇನೆ.